ಕಿಲುಬು

ಪ್ರದ್ಯುಮ್ನ ಮತ್ತೆ ವಾಂತಿ ಮಾಡುತ್ತಿದ್ದ. ಛತ್ರದ ಹಿತ್ತಲಿನ ನುಗ್ಗೆಮರಕ್ಕೆ ಒಂದು ಕೈ ಊರಿ, ಇನ್ನೊಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಬಗ್ಗಿ ನಿಂತಿದ್ದ. ಒಳಗಿದ್ದದ್ದೆಲ್ಲ ಆಗಲೇ ಹೊರಬಿದ್ದಿತ್ತು. ಈಗ ಬರುತ್ತಿದ್ದದ್ದು ಬರೀ ನೀರು. ಜಗಲಿಯಲ್ಲಿ ಕೂತು ರಾತ್ರಿಯೂಟಕ್ಕೆ ಹುರುಳಿಕಾಯಿ ಹೆಚ್ಚುತ್ತಿದ್ದ ಹಂಸ ಈಳಿಗೆಮಣೆ ಬಿಟ್ಟು ಎದ್ದು ಒಂದು ಚೊಂಬು ನೀರು ಕೊಟ್ಟಳು. ಅವನು ಬಾಯಿ ಮುಕ್ಕಳಿಸಿ ಉಗಿದ. ಅವಳ ಮುಖ ನೋಡಲಿಲ್ಲ.

ಅಡುಗೆಮನೆಯೊಳಗೆ ನಗು ಎದ್ದಿತು. ಓಲಗದವರು ನಾದಸ್ವರ ಊದಿದರೆ ಪ್ರದ್ಯುಮ್ನಣ್ಣ ಅವರ ಪಕ್ಕದಲ್ಲಿ ಕೂತು ಬಾಟಲಿ ಊದಿದ ಎಂದು ಬಡಿಸುವವರಲ್ಲಿ ಒಬ್ಬ ಹೇಳಿದ್ದ. ಹಂಸಳ ಅಪ್ಪ ಚಲುವನಾರಾಯಣ ನಗಲಿಲ್ಲ, ಗದರಿಸಲೂ ಇಲ್ಲ. ಅಮಲು ಇಳಿದ ಮೇಲೆ ಸ್ನಾನ ಮಾಡಿ ಒಳಗೆ ಬರಲಿ ಎಂದಷ್ಟೇ ಅಂದ. ಪ್ರದ್ಯುಮ್ನ ಅದನ್ನು ಕೇಳಿಸಿಕೊಂಡ. ಕುಡಿದಿಲ್ಲ ಎನ್ನಲಿಲ್ಲ.

ಅದೇ ಹಂಸಳಿಗೆ ಸರಿಕಾಣಲಿಲ್ಲ. ನೀರು ಕೊಡುವಾಗ ಅವನ ಬಾಯಿ ಅವಳ ಮುಖಕ್ಕೆ ಮೊಳ ದೂರದಲ್ಲಿತ್ತು. ಹುಳಿ ವಾಸನೆ ಬಂದಿತ್ತು, ಹೆಂಡದ ವಾಸನೆ ಬಂದಿರಲಿಲ್ಲ.

ಹೊಳೆನರಸೀಪುರದಲ್ಲಿ, ಆಚೆ ಚನ್ನರಾಯಪಟ್ಟಣದ ತನಕ, ಕೈಯಲ್ಲಿ ನಾಲ್ಕು ಕಾಸಿರುವ ಮನೆಯ ಮದುವೆಗೆ ಚಲುವನಾರಾಯಣನೇ ಅಡುಗೆಗೆ ಬರಬೇಕಿತ್ತು. ಅವನ ಪುಳಿಯೋಗರೆ ಗೊಜ್ಜಿನ ಹೆಸರು ಅವನಿಗಿಂತ ಮೊದಲು ಊರು ತಲುಪುತ್ತಿತ್ತು. ಆ ಗೊಜ್ಜನ್ನು ಅವನು ನಾಲಿಗೆಗೆ ಮುಟ್ಟಿಸದೆಯೇ ಮಾಡುತ್ತಿದ್ದ. ದೇವರಿಗೆ ನೈವೇದ್ಯವಾಗುವ ಮೊದಲು ಅಡುಗೆಯವನು ರುಚಿ ನೋಡಿದರೆ ಅದು ಎಂಜಲು. ಉಪ್ಪನ್ನು ಹಬೆಯ ವಾಸನೆಯಲ್ಲಿ, ಹುಳಿಯನ್ನು ಕುದಿಯುವ ಸದ್ದಿನಲ್ಲಿ, ಬೆಲ್ಲವನ್ನು ಸೌಟಿಗೆ ಅಂಟುವ ಬಗೆಯಲ್ಲಿ ತಿಳಿಯಬೇಕು. ಮೀಸೆ ಮೂಡುವ ಮೊದಲೇ ಅವನ ಹತ್ತಿರ ಸೇರಿದ್ದ ಪ್ರದ್ಯುಮ್ನ ಇದನ್ನೆಲ್ಲ ಕಲಿತಿದ್ದ. ಈಗ ಅವನ ಕಿವಿಯ ಮೇಲೆ ನರೆ ಬಂದಿತ್ತು. ಹಿಂದೊಮ್ಮೆ ನಿಜವಾಗಿಯೇ ಕುಡಿದು ಬಿದ್ದಿದ್ದಾಗ ಚಲುವನಾರಾಯಣ ಅವನ ಕೆನ್ನೆಗೆ ಎರಡು ಬಿಗಿದು, ಮರುದಿನ ಒಲೆಯ ಮುಂದೆ ಕೂರಿಸಿದ್ದ. ಕುಡಿತಕ್ಕೆ ಕ್ಷಮೆಯಿತ್ತು. ರುಚಿ ನೋಡಿದ ಅಡುಗೆಯವನನ್ನು ಮಾತ್ರ ಮತ್ತೆ ಯಾರೂ ಕರೆಯುತ್ತಿರಲಿಲ್ಲ.

ಹಂಸ ಅರಕಲಗೂಡಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಬೇಸಿಗೆ ರಜೆಯಲ್ಲಿ ಅಪ್ಪನ ಜೊತೆ ಬಂದು ತರಕಾರಿ ಹೆಚ್ಚಿಕೊಡುತ್ತಿದ್ದಳು. ಮಡಿಯುಟ್ಟವರಷ್ಟೇ ಒಲೆಯ ಹತ್ತಿರ ಹೋಗಬೇಕಾದ್ದರಿಂದ ಅವಳದು ಹಿತ್ತಲ ಜಗಲಿ. ಅಡುಗೆಮನೆಯ ಹೊಸ್ತಿಲೇ ಅವಳ ಗಡಿ.

ಬಾವಿಕಟ್ಟೆಯಿಂದ ಲಕ್ಕಮ್ಮ ಕೂಗಿದಳು. ಛತ್ರದ ಪಾತ್ರೆ ತಿಕ್ಕುವವಳು, ಬೆಳಗಿನಿಂದ ಸೊಂಟ ಎತ್ತಿರಲಿಲ್ಲ.

"ಮೇಷ್ಟ್ರಮ್ಮ, ಇಲ್ಲೊಸಿ ಬನ್ನಿ. ಈ ಅಂಡೇನ ನನಗಿಂತ ಮುಂಚೆ ಯಾರೋ ತಿಕ್ಕವ್ರೆ."

ಬಚ್ಚಲುಮನೆಯ ತಾಮ್ರದ ಹಂಡೆ. ಹೊರಮೈ ಮಸಿ ಹಿಡಿದು ಕರ್ರಗಿತ್ತು. ಒಳಗೆ ಮಾತ್ರ ಆಗಷ್ಟೇ ಅಂಗಡಿಯಿಂದ ತಂದಂತೆ ಕೆಂಪಗೆ ಹೊಳೆಯುತ್ತಿತ್ತು. ಹೊಳಪು ಅರ್ಧದವರೆಗೆ ಬಂದು ಗೆರೆ ಎಳೆದಂತೆ ನಿಂತಿತ್ತು. ಆ ಗೆರೆಯುದ್ದಕ್ಕೂ ಹಸಿರು ಕಿಲುಬು.

"ನಾನು ದಿನಾ ಉಣಿಸೆಣ್ಣಾಕಿ ಉಜ್ಜುದ್ರೂವೆ ಇಂಗೆ ಒಳೆಯಾಕಿಲ್ಲ," ಎಂದು ಲಕ್ಕಮ್ಮ ನಕ್ಕಳು. "ಅರ್ಧ ಕೆಲ್ಸ ಉಳೀತು."

ಇದರಲ್ಲಿ ಏನಿತ್ತು ಎಂದು ಹಂಸ ಕೇಳಿದಳು.

"ಉಣಿಸೆಣ್ಣೇ ಕಣವ್ವ. ರಾತ್ರಿ ನೆನೆಯಾಕಿದ್ರಲ್ಲ. ನಾನು ಒಸ ಪಿಲಾಸ್ಟಿಕ್ ಟಬ್ಬು ಕೊಟ್ಟೆ. ನಿಮ್ಮಪ್ಪಾರು ಅದು ಮಡೀಗಾಗಕಿಲ್ಲ, ತಾಮ್ರಕ್ಕೆ ಮೈಲಿಗೆ ಇಲ್ಲ, ಅಂಡೇನೇ ಕೊಡು ಅಂದ್ರು."

ಹಂಸ ಹಂಡೆಯೊಳಕ್ಕೆ ಕೈ ಹಾಕಿ ಹೊಳೆಯುವ ಗೋಡೆಯನ್ನು ಸವರಿದಳು. ನುಣ್ಣಗಿತ್ತು. ಎಂಟನೇ ಕ್ಲಾಸಿಗೆ ಈ ಪಾಠವನ್ನು ಅವಳು ಅಡುಗೆಮನೆಯ ಪಾತ್ರೆಗಳಿಂದಲೇ ಹೇಳುತ್ತಿದ್ದಳು. ತಾಮ್ರ ಮೂಲವಸ್ತು, ಎಷ್ಟು ಕುಟ್ಟಿ ಪುಡಿಮಾಡಿದರೂ ತಾಮ್ರವೇ. ಹಿತ್ತಾಳೆ ಮಿಶ್ರಣ, ತಾಮ್ರವೂ ಸತುವೂ ಕೂಡಿಕೊಂಡಿದ್ದರೂ ತಾಮ್ರ ತಾಮ್ರವಾಗಿ, ಸತು ಸತುವಾಗಿ ಇರುತ್ತವೆ. ಕಿಲುಬು ಸಂಯುಕ್ತ, ಅದರಲ್ಲಿ ತಾಮ್ರದ ಬಣ್ಣವೂ ಇಲ್ಲ, ಗುಣವೂ ಇಲ್ಲ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಅದಲು ಬದಲು ಮಾಡುತ್ತಿದ್ದರು, ಅವಳು ಕೆಂಪು ಇಂಕಿನಲ್ಲಿ ಗೀಟು ಹಾಕುತ್ತಿದ್ದಳು. ಅಷ್ಟಕ್ಕೇ ಮುಗಿಯುತ್ತಿತ್ತು.

ಹಂಡೆಯ ಒಳಗೆ ವರ್ಷಗಟ್ಟಲೆ ಕೂತಿದ್ದ ಕಪ್ಪೂ ಹಸಿರೂ ಎಲ್ಲಿಗೆ ಹೋಯಿತು? ಹೋಗಲು ಒಂದೇ ಜಾಗವಿತ್ತು.

ಅವಳು ನುಗ್ಗೆಮರದ ಬುಡಕ್ಕೆ ಹೋಗಿ ಪ್ರದ್ಯುಮ್ನನ ಎದುರು ಕುಕ್ಕರಗಾಲಲ್ಲಿ ಕೂತಳು.  ಅವಳು ಹಂಡೆಯ ಕಡೆ ಕೈ ತೋರಿಸಿದ ಮೇಲೆ ಅವನು ಅರ್ಧಂಬರ್ಧವಾಗಿ ಹೇಳಿದ. ತವರದ ಲೇಪ ಹಾಕಿಸಿದ ಕಲಾಯಿ ಪಾತ್ರೆಗಳು ರಾತ್ರಿ ಪಾಯಸಕ್ಕೂ ಸಾರಿಗೂ ಬೇಕಾಗಿದ್ದವು. ಒಂದು ಗಂಟೆ ಹಂಡೆಯಲ್ಲಿ ನೆನೆಯಲಿ, ಪಾತ್ರೆ ಖಾಲಿಯಾದ ಕೂಡಲೇ ಕಿವುಚಿ ಅದಕ್ಕೆ ಸುರಿ ಎಂದು ಚಲುವನಾರಾಯಣ ಮಾಮ ಹೇಳಿ ಮಲಗಿದ್ದರು. ಇವನು ಗೋಡೆಗೆ ಒರಗಿದವನು ನಿದ್ದೆ ಹೋಗಿಬಿಟ್ಟ. ಕಣ್ಣು ಬಿಟ್ಟಾಗ ಓಲಗದವರು ಉದಯರಾಗ ಬಾರಿಸುತ್ತಿದ್ದರು. ಯಾರಿಗೂ ಹೇಳದೆ ಕಿವುಚಿ, ಸೋಸಿ, ಒಲೆಗೇರಿಸಿದ.

"ಗೊಜ್ಜು ತಿಂದ್ಯಾ ಪ್ರದ್ಯುಮ್ನಣ್ಣ?"

"ರಾತ್ರಿ ಕುಡಿದಿದ್ದೆ."

"ಅದನ್ನ ಕೇಳ್ಲಿಲ್ಲ."

"ಕುಡಿದಿದ್ದೆ ಅಂದ್ನಲ್ಲ." ಅವನು ಮತ್ತೆ ಮರದ ಕಡೆ ತಿರುಗಿದ.

ಅವಳು ಎದ್ದಳು. ಮುಹೂರ್ತ ಮುಗಿದು ಹೊತ್ತಾಗಿತ್ತು. ಊಟದ ಮನೆಯಲ್ಲಿ ಎಲೆ ಹಾಸುವ ಸದ್ದು ಕೇಳುತ್ತಿತ್ತು. ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಳು. ಈಚಲು ಚಾಪೆಯ ಮೇಲೆ ಪಂಚೆ ಹಾಸಿ ಅನ್ನ ಹರವಿದ್ದರು, ಹಬೆ ಆರುತ್ತಿತ್ತು. ಪಕ್ಕದ ಬಾಣಲೆಯಲ್ಲಿ ಗೊಜ್ಜು, ಮೇಲೆ ಕೆಂಪನೆಯ ಎಣ್ಣೆ. ಚಲುವನಾರಾಯಣ ಕಲಸಲು ಕೂರುವುದಕ್ಕೆ ಪಂಚೆ ಎತ್ತಿ ಕಟ್ಟುತ್ತಿದ್ದ. ಕಲಸಿದ ಕೂಡಲೇ ಒಂದು ಬೆಳ್ಳಿ ಬಟ್ಟಲು ನೈವೇದ್ಯಕ್ಕೆ ಹೋಗುತ್ತದೆ. ನೈವೇದ್ಯವಾದರೆ ಅದು ಪ್ರಸಾದ. ಪ್ರಸಾದವನ್ನು ಚೆಲ್ಲಲು ಅವಳ ಅಪ್ಪ ಸತ್ತರೂ ಒಪ್ಪುವವನಲ್ಲ.

"ಅಪ್ಪ, ಗೊಜ್ಜು ಕಲಸಬೇಡಿ," ಎಂದು ಹಂಸ ತಗ್ಗಿದ ದನಿಯಲ್ಲಿ ಹೇಳಿದಳು. ಹಂಡೆಯ ವಿಷಯ ಹೇಳಿದಳು. ಹುಣಸೆಹಣ್ಣು ಬೆಳಗಿನ ತನಕ ಅದರಲ್ಲೇ ಇತ್ತು ಎಂದಳು.

ಚಲುವನಾರಾಯಣ ಅವಳ ಭುಜದ ಮೇಲಿಂದ ಹಿತ್ತಲಿಗೆ ನೋಡಿದ. ಪ್ರದ್ಯುಮ್ನ ತಲೆ ತಗ್ಗಿಸಿದ್ದ. ಅಪ್ಪನ ಕುತ್ತಿಗೆಯ ನರ ಬಿಗಿದದ್ದು ಹಂಸಳಿಗೆ ಕಾಣಿಸಿತು. ಆದರೆ ಅವನ ದನಿ ಏರಲಿಲ್ಲ.

"ಬಟ್ಟೇಲಿ ಸೋಸಿದಾನೆ. ಎಣ್ಣೆ ಬಿಡೋ ತನಕ ಕುದಿಸಿದೆ. ಬೆಂಕಿಗಿಂತ ದೊಡ್ಡ ಮಡಿ ಯಾವುದೇ?"

"ಸೋಸಿದ್ರೆ ಹೋಗಲ್ಲಪ್ಪ. ಅಕ್ಕೀಲಿ ಕಲ್ಲಿದ್ರೆ ಆರಿಸಬಹುದು, ಅದು ಬರೀ ಬೆರೆತಿರೋದು. ಇದು ಹಾಗಲ್ಲ. ತಾಮ್ರ ಹುಳಿ ಜೊತೆ ಸೇರಿ ಬೇರೇನೇ ಆಗಿದೆ. ಅದು ಈಗ ತಾಮ್ರವಾಗಿ ಇಲ್ಲ. ಕುದಿಸಿದಷ್ಟೂ ಗಟ್ಟಿಯಾಗತ್ತೆ ಅಷ್ಟೆ."

"ತಾಮ್ರದ ಪಂಚಪಾತ್ರೇಲಿ ತೀರ್ಥ ಕುಡಿದು ಬೆಳೆದವಳು ನೀನು. ನಿನಗೇನಾಯ್ತು?"

"ತೀರ್ಥದಲ್ಲಿ ಹುಣಸೆಹಣ್ಣು ಇರಲಿಲ್ಲ."

ಬಡಿಸುವವರು ಕೈಕೆಲಸ ನಿಲ್ಲಿಸಿ ನೋಡತೊಡಗಿದರು. ಚಲುವನಾರಾಯಣ ಅವರನ್ನು ಒಮ್ಮೆ ದಿಟ್ಟಿಸಿದ. ಅವರು ಎಲೆಯ ಕಟ್ಟು ಎತ್ತಿಕೊಂಡು ಹೊರಗೆ ಹೋದರು.

"ಇದು ನಿನ್ನ ಎಂಟನೇ ಕ್ಲಾಸಲ್ಲ ಹಂಸ. ಹುಳಿ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ನನಗೆ ಮೂಗು ಹೇಳತ್ತೆ. ಕೆಟ್ಟಿದ್ರೆ ಹೇಳ್ತಿರಲಿಲ್ವಾ?"

ಇದಕ್ಕೆ ವಾಸನೆ ಇಲ್ಲ ಎಂದು ಅವಳು ಹೇಳಲಿಲ್ಲ. ಜಗಲಿಗೆ ಓಡಿ ತೆಂಗಿನಕಾಯಿ ಕೆತ್ತುವ ಕಬ್ಬಿಣದ ಚೂರಿ ತಂದಳು. ಬಾವಿಯ ಹತ್ತಿರ ಬೂದಿ ಹಾಕಿ, ಅಲಗು ಬೆಳ್ಳಗಾಗುವವರೆಗೆ ಉಜ್ಜಿ ತೊಳೆದಳು. ಎರಡನೇ ಸಲ ಕಿವುಚಿದ ಹುಣಸೆನೀರನ್ನು ಸಾರಿಗೆಂದು ಸ್ಟೀಲ್ ಬಕೆಟ್ಟಿನಲ್ಲಿ ಹೊಸ್ತಿಲಾಚೆ ಎತ್ತಿಟ್ಟಿದ್ದರು. ಚೂರಿಯನ್ನು ಅದರಲ್ಲಿ ಇಳಿಬಿಟ್ಟು, ತಾಮ್ರ ಅದರಲ್ಲಿದ್ದರೆ ಕಬ್ಬಿಣದ ಮೇಲೆ ಬಂದು ಕೂರುತ್ತದೆ, ಸ್ವಲ್ಪ ಹೊತ್ತು ತಡೆಯಿರಿ ಎಂದಳು.

ಅಪ್ಪ ಮಗಳು ಇಬ್ಬರೂ ಬಕೆಟ್ಟನ್ನು ನೋಡುತ್ತಾ ನಿಂತರು. ಹೊರಗೆ ಯಾರೋ ಮೈಕಿನಲ್ಲಿ ಬೀಗರ ಹೆಸರು ಕೂಗುತ್ತಿದ್ದರು. ಅನ್ನದ ಹಬೆ ಪೂರ್ತಿ ಆರಿತು. ಹಂಸ ಚೂರಿ ಎತ್ತಿದಳು. ನೀರಿನಲ್ಲಿ ಮುಳುಗಿದ್ದಷ್ಟು ಭಾಗ ಕೆಂಪಗಾಗಿತ್ತು. ತೆಳ್ಳನೆಯ ಕೆಂಪು, ಹಂಡೆಯೊಳಗಿದ್ದದ್ದೇ ಕೆಂಪು. ಅವಳು ಅದನ್ನು ಹೊಸ್ತಿಲಿನ ಮೇಲಿಟ್ಟು ಕೈ ತೆಗೆದಳು. ಚಲುವನಾರಾಯಣ ಎತ್ತಿಕೊಂಡು ಹೆಬ್ಬೆರಳಲ್ಲಿ ಉಜ್ಜಿದ. ಪಂಚೆಯ ಅಂಚಿನಲ್ಲಿ ಒರೆಸಿದ. ಕೆಂಪು ಹಾಗೇ ಇತ್ತು.

"ಹುಣಸೆಹಣ್ಣಿನ ಬಣ್ಣ," ಎಂದ.

ಅವನಿಗೆ ಗೊತ್ತಾಗಿತ್ತು. ಹೇಳುವಾಗ ಅವನು ಚೂರಿಯನ್ನು ನೋಡುತ್ತಿರಲಿಲ್ಲ.

ಆ ಹೊತ್ತಿಗೇ ನಡುಬಾಗಿಲಿನಲ್ಲಿ ಮದುವಣಗಿತ್ತಿಯ ತಂದೆ ಗಂಗಾಧರಯ್ಯ ಕಾಣಿಸಿಕೊಂಡ. ಬೆಳಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿತ್ತು. ಪುರೋಹಿತರು ನೈವೇದ್ಯಕ್ಕೆ ಕಾಯುತ್ತಿದ್ದಾರೆ, ಚನ್ನರಾಯಪಟ್ಟಣದಿಂದ ಬಂದವರಲ್ಲಿ ವಯಸ್ಸಾದವರಿದ್ದಾರೆ, ಬಸುರಿ ಹೆಂಗಸೊಬ್ಬಳಿದ್ದಾಳೆ, ಇನ್ನು ತಡವಾದರೆ ಬೀಗರು ಮುಖ ದಪ್ಪ ಮಾಡಿಕೊಳ್ಳುತ್ತಾರೆ ಎಂದ.

"ಅವರು ಬಂದಿರೋದೇ ನಿಮ್ಮ ಪುಳಿಯೋಗರೆಗೆ ಚಲುವನಾರಾಯಣಯ್ಯನೋರೇ. ಇನ್ನೇನು ಬಾಕಿ?"

"ಕಲಸೋದೊಂದು," ಎಂದು ಚಲುವನಾರಾಯಣ ಬಾಣಲೆಯ ಮುಂದೆ ಕೂತ. ಚೂರಿಯನ್ನು ತೊಡೆಯ ಕೆಳಗೆ ಸರಿಸಿಕೊಂಡ.

 ವಿಷ ಎಂಬ ಒಂದು ಮಾತನ್ನು ಈಗ ಹಂಸ ಗಟ್ಟಿಯಾಗಿ ಹೇಳಿದರೆ ಸಾಕಿತ್ತು. ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ತಲುಪುತ್ತದೆ, ಅಪ್ಪ ಇನ್ನೊಂದು ಮದುವೆಗೆ ಸೌಟು ಹಿಡಿಯುವುದಿಲ್ಲ. ಹೇಳದಿದ್ದರೆ ಎಲೆಯ ಮುಂದೆ ಕೂತವರು ಒಬ್ಬೊಬ್ಬರಾಗಿ ನುಗ್ಗೆಮರ ಹುಡುಕಿಕೊಂಡು ಹೋಗುತ್ತಾರೆ. ಮೂರನೆಯ ದಾರಿಯೊಂದಿತ್ತು. ಅವಳು ಮಡಿಯುಟ್ಟಿರಲಿಲ್ಲ. ಒಳಗೆ ಹೋಗಿ ಬಾಣಲೆ ಮುಟ್ಟಿದರೆ ಮುಗಿಯಿತು. ಮೈಲಿಗೆಯಾದ ಗೊಜ್ಜನ್ನು ಅವಳ ಅಪ್ಪ ತಾನಾಗಿ ಎತ್ತಿ ಎಸೆಯುತ್ತಾನೆ. ಆಮೇಲೆ ಅವಳ ಮುಖ ನೋಡುತ್ತಾನೋ ಇಲ್ಲವೋ, ಅದು ಬೇರೆ ಮಾತು.

ಚಲುವನಾರಾಯಣ ಸೌಟು ತುಂಬ ಗೊಜ್ಜು ಎತ್ತಿದ. ಹಂಸ ಹೊಸ್ತಿಲ ಮೇಲೆ ಕಾಲಿಟ್ಟಳು.

"ಬೇಡ ಹಂಸ."

ಪ್ರದ್ಯುಮ್ನ ಹಿಂದೆ ಬಂದು ನಿಂತಿದ್ದ. ತುಟಿ ಬಿಳಿಚಿಕೊಂಡಿತ್ತು, ಗೋಡೆ ಹಿಡಿದಿದ್ದ.

"ಮಾಮ, ನಾನು ರುಚಿ ನೋಡಿದೆ."

ಸೌಟು ಗಾಳಿಯಲ್ಲೇ ನಿಂತಿತು.

"ಯಾವಾಗ?"

"ಬೆಳಿಗ್ಗೆ. ನೀರಿನ ಬಣ್ಣ ನೋಡಿ ಅನುಮಾನ ಬಂತು. ಕುದಿಯುವಾಗ ನೋಡಿದೆ, ಬೆಲ್ಲ ಹಾಕಿದ ಮೇಲೂ ನೋಡಿದೆ. ಅಂಗೈಗೆ ಹಾಕ್ಕೊಂಡು ನೆಕ್ಕಿದೆ."

ಗಂಗಾಧರಯ್ಯ ರಾಮ ರಾಮ ಎಂದು ಒಂದು ಹೆಜ್ಜೆ ಹಿಂದೆ ಸರಿದ. ಚಲುವನಾರಾಯಣ ಸೌಟಿನಲ್ಲಿದ್ದ ಗೊಜ್ಜನ್ನು ನೋಡಿದ. ಆಮೇಲೆ ಅವನು ಕೇಳಿದ್ದು ಯಾರೂ ನೆನೆಸದ ಪ್ರಶ್ನೆ.

"ಏನಿತ್ತೋ ರುಚಿ?"

"ನಾಲಿಗೆ ಮೇಲೆ ಹಳೇ ದುಡ್ಡು ಇಟ್ಟ ಹಾಗಿತ್ತು ಮಾಮ."

ಚಲುವನಾರಾಯಣ ಸೌಟನ್ನು ಬಾಣಲೆಗೆ ವಾಪಸು ಇಳಿಸಿ ಎದ್ದ. ಗಂಗಾಧರಯ್ಯನಿಗೆ ಕೈ ಮುಗಿದು, ಮಡಿ ಕೆಟ್ಟಿತು, ಈ ಗೊಜ್ಜು ದೇವರಿಗೆ ಆಗುವುದಿಲ್ಲ, ಅರ್ಧ ಗಂಟೆಯಲ್ಲಿ ನಿಂಬೆಹಣ್ಣಿನ ಚಿತ್ರಾನ್ನ ಮಾಡಿಕೊಡುತ್ತೇನೆ, ಸಾರಿಗೂ ನಿಂಬೆಹಣ್ಣೇ ಎಂದ. ಗಂಗಾಧರಯ್ಯ ವಾದ ಮಾಡಲಿಲ್ಲ. ಮಡಿ ಕೆಟ್ಟಿತು ಎಂಬುದು ಅವನಿಗೆ ಅರ್ಥವಾಗುವ ಮಾತು. ಬೀಗರಿಗೂ ಅದನ್ನೇ ಹೇಳಬಹುದಾಗಿತ್ತು. ಅವನು ಪುರೋಹಿತರನ್ನು ಸಮಾಧಾನ ಮಾಡಲು ಹೋದ.

"ಎಂಜಲು. ಹೊರಗೆ ಹಾಕಿ," ಎಂದು ಚಲುವನಾರಾಯಣ ಬಡಿಸುವವರನ್ನು ಒಳಗೆ ಕರೆದು ಹೇಳಿದ. ಪ್ರದ್ಯುಮ್ನನಿಗೆ, "ನೀನು ಹೊರಡು," ಎಂದ.

ಹಂಸ ಬಾಯಿ ತೆರೆದಳು. ಹಂಡೆ ಕೇಳಿದ್ದು ನೀವು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಪ್ರದ್ಯುಮ್ನ ಅವಳನ್ನು ನೋಡಿ ತಲೆಯಾಡಿಸಿದ. ಅವಳು ಬಾಯಿ ಮುಚ್ಚಿಕೊಂಡಳು. ಅವನು ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದ್ದ ತನ್ನ ಚೀಲ ತೆಗೆದುಕೊಳ್ಳಲು ಹೋದ.

ಒಳಗೆ ನಿಂಬೆಹಣ್ಣು ಕೊಯ್ಯುವ ಗಡಿಬಿಡಿ ಶುರುವಾಯಿತು. ಹಂಸ ಜಗಲಿಯಲ್ಲಿ ಕೂತು ಹಸಿಮೆಣಸಿನಕಾಯಿ ಹೆಚ್ಚಿದಳು.  ಇಬ್ಬರು ಬಡಿಸುವವರು ಬಾಣಲೆ ಹೊತ್ತು ಹಿತ್ತಲಿಗೆ ದಾಟಿದರು. ಸ್ವಲ್ಪ ಹೊತ್ತಿಗೆ ಬಾವಿಕಟ್ಟೆಯಿಂದ ಲಕ್ಕಮ್ಮನ ದನಿ ಕೇಳಿಸಿತು.

"ಇಷ್ಟು ಎಣ್ಣೆ, ಕಡ್ಲೇಬೀಜ, ಎಲ್ಲಾನೂ ಮಣ್ಗಾಕದಾ? ಎಂಜ್ಲಾದ್ರೆ ನಿಮ್ಗೆ, ನಮಗ್ಯಾವ ಮಡಿ? ಇಲ್ಲಿ ಸುರೀರಪ್ಪ. ಮೊಮ್ಮಕ್ಳು ವಾರ್ವೆಲ್ಲಾ ಉಂಡಾವು."

ಲಕ್ಕಮ್ಮನಿಗೆ ಯಾರೂ ಹೇಳಿರಲಿಲ್ಲ. ಹಂಡೆಯೊಳಗೆ ಕೈ ಹಾಕಿ ನಿಂತಿದ್ದಾಗ ಹಂಸಳೂ ಹೇಳಿರಲಿಲ್ಲ. ಅವಳು ಮೆಣಸಿನಕಾಯಿ ಚೆಲ್ಲಿ ಎದ್ದಳು. ಅಷ್ಟರಲ್ಲಿ ಅವಳ ಪಕ್ಕದಿಂದಲೇ ಯಾರೋ ಜಗಲಿಯಿಂದ ಕೆಳಗೆ ಹಾರಿದರು. ಅಪ್ಪ. ಮಡಿಪಂಚೆಯಲ್ಲಿ, ಬರಿಗಾಲಲ್ಲಿ, ಎಂಜಲೆಲೆಗಳ ಗುಂಡಿ ದಾಟಿ ಓಡುತ್ತಿದ್ದ. ಬಡಿಸುವವರು ಬಾಣಲೆ ಬಗ್ಗಿಸಿದ್ದರು. ಲಕ್ಕಮ್ಮನ ಅಲ್ಯೂಮಿನಿಯಂ ಪಾತ್ರೆ ಆಗಲೇ ತುಂಬಿತ್ತು. ಅವಳು ತುಂಬಿದ ಪಾತ್ರೆಯನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತಾ, ಅಂಚಿಗೆ ಅಂಟಿದ್ದನ್ನು ಬೆರಳಿಂದ ಬಳಿದು ಬಾಯಿಯ ಹತ್ತಿರ ತಂದಿದ್ದಳು.

ಚಲುವನಾರಾಯಣ ಅವಳ ಕೈ ಹಿಡಿದ. ಮುಟ್ಟಬಾರದವಳ ಮಣಿಕಟ್ಟನ್ನು ಎಲ್ಲರ ಎದುರಿಗೆ ಹಿಡಿದು, ಕೆಳಗೆ ಜಗ್ಗಿ, ತನ್ನ ಪಂಚೆಯಿಂದಲೇ ಆ ಬೆರಳು ಒರೆಸಿದ. ಪಾತ್ರೆ ಕಿತ್ತುಕೊಂಡ. ಗೊಜ್ಜು ಅವನ ಎದೆಯ ಮೇಲೆ, ಜನಿವಾರದ ಮೇಲೆ ಚೆಲ್ಲಿತು.

"ಅಯ್ಯೋ ಸ್ವಾಮಿ, ಮುಟ್ಟುಬುಟ್ರಲ್ಲ," ಎಂದು ಲಕ್ಕಮ್ಮ ಗಾಬರಿಯಾದಳು. "ಬ್ಯಾಡ ಅಂದಿದ್ರೆ ಬುಡ್ತಿದ್ದೆ."

"ಇದು ತಿನ್ನೋದಲ್ಲ ಲಕ್ಕಮ್ಮ," ಎಂದು ಅವನು ಏದುಸಿರು ಬಿಡುತ್ತಾ ಹೇಳಿದ. "ಎಂಜಲು ಅಂತಲ್ಲ. ತಿನ್ನೋದಲ್ಲ."

ಬಡಿಸುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಲುವನಾರಾಯಣ ಗುದ್ದಲಿ ತರಲು ಹೇಳಿದ. ದನ ಮೂಸದಷ್ಟು ಆಳ ತೋಡಿಸಿ, ಬಾಣಲೆಯದನ್ನೂ ಪಾತ್ರೆಯದನ್ನೂ ತಾನೇ ಗುಂಡಿಗೆ ಸುರಿದು, ಮಣ್ಣು ಮುಚ್ಚಿಸುವವರೆಗೆ ಅಲ್ಲೇ ನಿಂತಿದ್ದ. ಆಮೇಲೆ ಬಾವಿಯಿಂದ ನಾಲ್ಕು ಕೊಡ ಸೇದಿ ತಲೆಯ ಮೇಲೆ ಸುರಿದುಕೊಂಡು, ಬೇರೆ ಪಂಚೆಯುಟ್ಟು, ಒಲೆಯ ಮುಂದೆ ಕೂತ. ಚಿತ್ರಾನ್ನವನ್ನು ಬೀಗರು ಎರಡೆರಡು ಸಲ ಹಾಕಿಸಿಕೊಂಡರು. ಪುಳಿಯೋಗರೆ ತಪ್ಪಿದ್ದಕ್ಕೆ ಒಬ್ಬಿಬ್ಬರು ಕೊಂಕು ಆಡಿದರು, ಅಷ್ಟೆ.

ಬಿಸಿಲು ಇಳಿಯುವ ಹೊತ್ತಿಗೆ, ರಾತ್ರಿಯೂಟಕ್ಕೆ ಉಳಿಯುವ ಮನೆಯವರನ್ನು ಬಿಟ್ಟರೆ ಛತ್ರ ಖಾಲಿಯಾಗಿತ್ತು. ಹಂಸ ಪ್ರದ್ಯುಮ್ನನನ್ನು ಬಸ್ ಸ್ಟ್ಯಾಂಡಿನ ತನಕ ಬಿಟ್ಟು ಬಂದಳು. ಅವನು ಎಳನೀರು ಕುಡಿದು ಸ್ವಲ್ಪ ಚೇತರಿಸಿಕೊಂಡಿದ್ದ. ಹಾಸನದಲ್ಲಿ ಹೋಟೆಲುಗಳಿವೆ, ಅಲ್ಲಿ ಯಾರೂ ನೈವೇದ್ಯ ಮಾಡುವುದಿಲ್ಲ ಎಂದು ನಗಲು ನೋಡಿದ.  ಅವಳು ಅವನಿಗೆ ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು ಬಂದಳು.

ಹಿತ್ತಲಿಗೆ ಬಂದಾಗ ಲಕ್ಕಮ್ಮ ಹಿತ್ತಾಳೆ ದೀಪದ ಕಂಬಗಳನ್ನು ಉಜ್ಜುತ್ತಿದ್ದಳು. ಸ್ಟೀಲ್ ಬಕೆಟ್ಟಿನ ಹುಣಸೆನೀರು ಅವಳ ಪಕ್ಕದಲ್ಲಿತ್ತು. ತಿಕ್ಕುವುದಕ್ಕಾದರೂ ಆಗುತ್ತದೆ ಎಂದು ಕೇಳಿ ಉಳಿಸಿಕೊಂಡಿದ್ದಳು. ಅವಳಿಂದ ಮಾರು ದೂರದಲ್ಲಿ, ಬಾವಿಕಟ್ಟೆಗೆ ಬೆನ್ನು ಕೊಟ್ಟು ಚಲುವನಾರಾಯಣ ಕೂತಿದ್ದ. ಕೈಯಲ್ಲಿ ಅದೇ ಚೂರಿ.

"ಬಸ್ಸು ಹತ್ತಿದನಾ?" ಎಂದು ತಿರುಗದೆ ಕೇಳಿದ.

"ಹತ್ತಿದ."

 ಚಲುವನಾರಾಯಣ ಚಿಟಿಕೆ ಬೂದಿ ತೆಗೆದುಕೊಂಡು ಅಲಗನ್ನು ಉಜ್ಜತೊಡಗಿದ. ಕೆಂಪು ಪೂರ್ತಿ ಹೋಗಿ ಕಬ್ಬಿಣ ಬೆಳ್ಳಗಾಗುವವರೆಗೆ ಉಜ್ಜಿದ, ತೊಳೆದ, ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಲಕ್ಕಮ್ಮನ ಬಕೆಟ್ಟನ್ನು ಹತ್ತಿರ ಎಳೆದುಕೊಂಡು ಚೂರಿಯನ್ನು ಅದರಲ್ಲಿ ಇಳಿಬಿಟ್ಟು, ಮೊಣಕಾಲ ಮೇಲೆ ಕೈಯಿಟ್ಟು ಕಾಯುತ್ತಾ ಕೂತ.